ನಾನು ಓದದ ಯೂನಿವರ್ಸಿಟಿಯಲ್ಲಿ ನನ್ನ ಎರಡು ವರ್ಷ

ನಮ್ಮ ಬಸವಕಲ್ಯಾಣದಲ್ಲಿ ಒಂದು ಸಂಗತಿ ನಿಜವಾಗಬೇಕಾದರೆ ಅದು ನಡೆಯಲೇಬೇಕೆಂದಿಲ್ಲ. ಅದರ ಹೆಸರಿನಲ್ಲಿ ಒಂದು ಫ್ಲೆಕ್ಸ್ ಬಿದ್ದರೆ ಸಾಕು. ಹುಟ್ಟಿದ ಹಬ್ಬಕ್ಕೆ ಫ್ಲೆಕ್ಸ್, ಹಜ್ ಯಾತ್ರೆಗೆ ಫ್ಲೆಕ್ಸ್, ಯಾವುದೋ ಸಂಘದ ಸಹ ಕಾರ್ಯದರ್ಶಿಯಾದರೆ ಫ್ಲೆಕ್ಸ್, ಸತ್ತರಂತೂ ಎರಡು ಫ್ಲೆಕ್ಸ್. ನಾನು ಒಂದು ದಿನವೂ ಪಾಠ ಕೇಳದ ಯೂನಿವರ್ಸಿಟಿಗೆ ನನ್ನನ್ನು ಸೇರಿಸಿ, ಎರಡು ವರ್ಷ ಅಲ್ಲಿ ಓದಿಸಿ, ಒಂದು ಪೇಪರಿನಲ್ಲಿ ಫೇಲು ಕೂಡ ಮಾಡಿಸಿದ್ದು ಇಂಥದ್ದೇ ಒಂದು ಫ್ಲೆಕ್ಸು.

ನನ್ನ ಹೆಸರು ಮಿಸ್ಬಾ. ಬಜಾರಿನಲ್ಲಿ ಬಳೆ ಅಂಗಡಿ ಇಟ್ಟಿರುವ ಜುಬೇರ್ ಸಾಬರ ಮಗಳು. ಮನೆಯಲ್ಲಿ ನಾವು ಮಾತಾಡುವುದು ಉರ್ದು, ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ, ಹಾಗಾಗಿ ಜಗಳಕ್ಕೆ ಎರಡೂ ಸಲೀಸು. ಎರಡು ವರ್ಷದ ಹಿಂದೆ ಪಿಯುಸಿ ಮುಗಿಸಿ, ಒಂದು ಎಂಟ್ರೆನ್ಸ್ ಬರೆದು, ರೈಲಿನಲ್ಲಿ ಒಂದು ರಾತ್ರಿ ಒಂದು ಹಗಲು ದೂರವಿರುವ ಬಹಳ ದೊಡ್ಡ ಯೂನಿವರ್ಸಿಟಿಯಲ್ಲಿ ಸೀಟು ಗಿಟ್ಟಿಸಿದೆ. ಅದರ ಹೆಸರು ಹೇಳುವುದಿಲ್ಲ. ಹೇಳಿದರೆ, ಒಬ್ಬ ಹುಡುಗಿ ತಮ್ಮಲ್ಲಿ ಇಷ್ಟು ದಿನ ಪುಕ್ಕಟೆ ಓದಿದ್ದಾಳೆಂದು ಅವರಿಗೆ ಗೊತ್ತಾದೀತು.

ಸೀಟಿನ ಸುದ್ದಿ ಮುಂಜಾನೆ ಮೊಬೈಲಿಗೆ ಬಂತು. ಸಂಜೆಗೆ ಬಸ್ ಸ್ಟ್ಯಾಂಡ್ ಎದುರಿನ ಸರ್ಕಲ್ಲಿನಲ್ಲಿ ನಾನು ತೂಗಾಡುತ್ತಿದ್ದೆ. ಇದು ಸೈಫುದ್ದೀನ್ ಮಾಮು ಅವರ ಕೆಲಸ. ಅಮ್ಮಿಯ ತಮ್ಮ, ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿಯ ಮಾಲೀಕ. ಅಮ್ಮಿ "ಮೊದಲು ಅಡ್ಮಿಷನ್ ಆಗಲಿ" ಅಂದಳು. ಮಾಮು "ಮಷೀನು ಖಾಲಿ ಕೂತಿದೆ, ಆಪಾ" ಅಂದರು. ಮಷೀನು ಖಾಲಿ ಕೂತಿದ್ದಕ್ಕೆ ನಾನು ದಪ್ಪ ಅಕ್ಷರದಲ್ಲಿ 'ಗಡಿನಾಡಿನ ಹೆಮ್ಮೆ'ಯಾದೆ. ಫ್ಲೆಕ್ಸಿನಲ್ಲಿ ನನ್ನ ಫೋಟೋ ಅಂಗೈಯಷ್ಟು. ಸುತ್ತಲೂ ಕೈಮುಗಿದು ನಿಂತ ಶುಭ ಕೋರುವವರ ತಲೆಗಳು, ಒಂದೊಂದೂ ಬುಟ್ಟಿಯಷ್ಟು. ಅವರಲ್ಲಿ ನನ್ನ ಚಾಚಾನ ಮಗ ಸೋಹೇಲ ಕಪ್ಪು ಕನ್ನಡಕ ಹಾಕಿಕೊಂಡು, ತನ್ನದಲ್ಲದ ಬೈಕಿಗೆ ಒರಗಿ ನಿಂತಿದ್ದ. ಎಸೆಸೆಲ್ಸಿಯಲ್ಲಿ ಮೂರು ಸಲ ಕುಳಿತವನು ನನ್ನ ಸಾಧನೆಗೆ ಹಾರೈಸುತ್ತಿದ್ದ ಗತ್ತು ನೋಡಬೇಕಿತ್ತು!

ಮುಂದಿನ ವಾರ ಅಬ್ಬಾನ ಜೊತೆ ರೈಲು ಹತ್ತಿ ಅಲ್ಲಿಗೆ ಹೋದೆ. ಅಬ್ಬಾನ ಜೊತೆಯಲ್ಲೇ ವಾಪಸು ಬಂದೆ. ಬೇಡ ಅಂದವಳು ನಾನೇ. ಆಮೇಲೆ ಹುಮನಾಬಾದಿನ ಕಾಲೇಜಿನಲ್ಲಿ ಬಿಎಸ್ಸಿಗೆ ಸೇರಿದೆ. ಕಲ್ಯಾಣದಲ್ಲೇ ಕಾಲೇಜು ಇರುವಾಗ ದಿನಾ ಬಸ್ಸಿನಲ್ಲಿ ಹುಮನಾಬಾದಿಗೆ ಯಾಕೆ ಹೋಗಬೇಕು ಅಂತ ಕೇಳುತ್ತೀರಿ. ಆ ಸರ್ಕಲ್ಲಿನ ಜನರ ಕಣ್ಣು ತಪ್ಪಿಸಲು. ಆದರೆ ಹುಮನಾಬಾದಿನ ಬಸ್ಸು ಹಿಡಿಯಲು ಅದೇ ಸರ್ಕಲ್ಲಿಗೆ ಬರಬೇಕು ಎನ್ನುವುದು ಕಾಲೇಜು ಶುರುವಾದ ಮೊದಲ ದಿನ ನನ್ನ ತಲೆಗೆ ಹೊಳೆಯಿತು. ನನ್ನ ಬುದ್ಧಿವಂತಿಕೆಗೆ ದೊಡ್ಡ ಯೂನಿವರ್ಸಿಟಿ ಸುಮ್ಮನೆ ಸೀಟು ಕೊಟ್ಟಿತ್ತೇ?

ಆ ಮೊದಲ ದಿನವೇ ಸ್ಟ್ಯಾಂಡಿನ ಎದುರಿಗೆ ಮಿರ್ಚಿ ಭಜಿ ಗಾಡಿ ನಿಲ್ಲಿಸುವ ಓಂಪ್ರಕಾಶ ಕಾಕಾ ಕೂಗಿ ಕರೆದರು.

"ಏನ್ ಮಿಸ್ಬಾ, ಇಷ್ಟ ಲಗೂನೇ ರಜಾ ಬಿಟ್ರೇನು?"

"ರಜಾ ಅಲ್ರಿ ಕಾಕಾ. ನಾ ಅಲ್ಲಿಗಿ ಹೋಗಿಲ್ಲ. ಹುಮನಾಬಾದದಾಗ ಕಲಿಯಾಕತ್ತೇನಿ."

ಕಾಕಾ ನನ್ನ ಮುಖ ನೋಡಿದರು. ತಲೆ ಎತ್ತಿ ಫ್ಲೆಕ್ಸಿನ ಮುಖ ನೋಡಿದರು. ಇಬ್ಬರಲ್ಲಿ ಅವರಿಗೆ ಫ್ಲೆಕ್ಸಿನವಳೇ ಹೆಚ್ಚು ನಂಬಿಕಸ್ಥಳಾಗಿ ಕಂಡಳು.

"ಚಾಷ್ಟಿ ಮಾಡಬ್ಯಾಡ. ಈಗೆಲ್ಲಾ ಆನ್‌ಲೈನ್ ಇರ್ತದ, ನಮಗೂ ಗೊತ್ತದ," ಅಂದು ಭಜಿ ಎಣ್ಣೆಗೆ ಬಿಟ್ಟರು.

ಹೀಗೆ ಒಬ್ಬರಲ್ಲ, ಇಬ್ಬರಲ್ಲ. ಮುಂಜಾನೆ ಕಲ್ಯಾಣದಲ್ಲಿ ಬಸ್ಸು ಹತ್ತುವಾಗ ನೋಡುತ್ತಾರೆ, ಸಂಜೆ ಇಳಿಯುವಾಗ ನೋಡುತ್ತಾರೆ, ಆದರೂ "ಯಾವಾಗ ಬಂದಿ, ಯಾವಾಗ ಹೊಂಟಿ" ಎಂದು ಕೇಳುತ್ತಾರೆ. ಹುಮನಾಬಾದಿನ ಕಾಲೇಜಿಗೆ ಹೊರಟಿದ್ದೇನೆ ಎಂದರೆ "ಪಾಠ ಹೇಳಾಕೇನು?" ಅನ್ನುತ್ತಾರೆ. ಬಾಯಿ ಬಡಿದುಕೊಂಡು ಹೇಳಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಳೆಗಾಲಕ್ಕೆ ಫ್ಲೆಕ್ಸ್ ಹರಿಯಿತು ಎಂದು ಖುಷಿಪಟ್ಟೆ. ಓಂಪ್ರಕಾಶ ಕಾಕಾ ಅದನ್ನು ಇಳಿಸಿಕೊಂಡು ಭಜಿ ಗಾಡಿಗೆ ಹೊದಿಸಿದರು. ಈಗ ನಾನು ತಲೆಕೆಳಗಾಗಿ ಗಡಿನಾಡಿನ ಹೆಮ್ಮೆಯಾದೆ, ಅಷ್ಟೇ.

ಅತ್ತ ಹುಮನಾಬಾದಿನ ಕಾಲೇಜಿನವರಿಗೆ ನಿಜ ಗೊತ್ತಿತ್ತು. ಅಂದರೆ ಅವರಿಗೆ ಗೊತ್ತಿದ್ದ ನಿಜ ಗೊತ್ತಿತ್ತು. ಮುಸ್ಲಿಂ ಹುಡುಗಿ, ದೊಡ್ಡ ಸೀಟು, ಬಿಟ್ಟಳು. ಅಂದಮೇಲೆ ಅಪ್ಪ ಬಿಡಿಸಿದ. ಇದಕ್ಕೆ ಸಾಕ್ಷಿ ಏನು ಬೇಕು? ರಾಜೀವ ಸರ್ ಮಹಿಳಾ ದಿನಾಚರಣೆಯ ಭಾಷಣದಲ್ಲಿ "ನಮ್ಮ ನಡುವೆಯೇ ರೆಕ್ಕೆ ಕತ್ತರಿಸಿದ ಹಕ್ಕಿಗಳಿವೆ" ಅಂದು ನನ್ನ ಕಡೆ ನೋಡಿ ಕಣ್ಣು ಒರೆಸಿಕೊಂಡರು. ಪಾಪ, ನನ್ನ ಅಬ್ಬಾ! ನನಗೆ ಹೊಸ ಟ್ರಂಕು ಕೊಡಿಸಿ, ಅದರ ಮೇಲೆ ಬಿಳಿ ಬಣ್ಣದಲ್ಲಿ ನನ್ನ ಹೆಸರು ಬರೆಸಿ, ನಾಲ್ಕು ದಿನ ಅಂಗಡಿ ಮುಚ್ಚಿ, ರೈಲಿನಲ್ಲಿ ನನಗೆ ಸೀಟು ಬಿಟ್ಟುಕೊಟ್ಟು ತಾನು ಬಾಗಿಲ ಹತ್ತಿರ ಕೂತು ಬಂದ ಮನುಷ್ಯ ಹಕ್ಕಿಯ ರೆಕ್ಕೆ ಕತ್ತರಿಸಿದವನಾದ. ನನಗೆ ಮೈಯೆಲ್ಲಾ ಉರಿಯಿತು. ಎದ್ದು ನಿಂತು ಹಾಗಲ್ಲ ಸರ್ ಅಂದೆ. ಅವರು ಇನ್ನೂ ಎರಡು ಹನಿ ಒರೆಸಿಕೊಂಡು, ಹೆದರಬೇಡಮ್ಮಾ ಅಂದರು.

ಹೀಗೆ ಒಂದು ಊರಿನಲ್ಲಿ ನಾನು ಹೋದವಳು, ಇನ್ನೊಂದು ಊರಿನಲ್ಲಿ ತಡೆಯಲ್ಪಟ್ಟವಳು. ಬೇಡವೆಂದು ಬಿಟ್ಟವಳನ್ನು ಇಟ್ಟುಕೊಳ್ಳಲು ಎರಡೂ ಊರಲ್ಲಿ ಜಾಗ ಇರಲಿಲ್ಲ. ಯಾಕೆ ಬಿಟ್ಟೆ ಎಂದು ಒಬ್ಬರೂ ಕೇಳಲಿಲ್ಲ, ಎಲ್ಲರ ಹತ್ತಿರ ಉತ್ತರ ಮೊದಲೇ ತಯಾರಿತ್ತು. ಕೊನೆಗೆ ನನಗೂ ಸಾಕಾಯಿತು. ಹಾಳಾಗಿ ಹೋಗಲಿ, ಇಷ್ಟೊಂದು ಜನ ಕಳಿಸುತ್ತಿರುವಾಗ ಹೋಗದೆ ಇರುವುದು ಮರ್ಯಾದೆಯಲ್ಲ ಅಂದುಕೊಂಡು, ನಾನು ಯೂನಿವರ್ಸಿಟಿಗೆ ಸೇರಿಬಿಟ್ಟೆ.

ನನ್ನ ಯೂನಿವರ್ಸಿಟಿ ಸಸ್ತಾಪುರ ಬಂಗ್ಲಾದಲ್ಲಿ ಬಸ್ಸು ಹೈವೇಗೆ ಹತ್ತಿದ ಕೂಡಲೇ ತೆರೆಯುತ್ತಿತ್ತು, ಹುಮನಾಬಾದ್ ಸ್ಟ್ಯಾಂಡ್ ಬಂದಾಗ ಮುಚ್ಚುತ್ತಿತ್ತು. ಕಿಟಕಿಗೆ ತಲೆ ಆನಿಸಿಕೊಂಡು ಅಲ್ಲಿಯ ಒಂದೊಂದೇ ದಿನ ಕಳೆಯುತ್ತಿದ್ದೆ. ಎರಡನೇ ಮಾಳಿಗೆಯಲ್ಲಿ ನನ್ನ ಖೋಲಿ. ಕಿಟಕಿಗೆ ಬೇವಿನ ಮರ. ಜೊತೆಗಾತಿ ಅಸ್ಸಾಮಿನ ಜೂರಿ, ನಮ್ಮ ಶೇಂಗಾ ಚಟ್ನಿ ತಿಂದು ಕಣ್ಣೀರು ಹಾಕಿದವಳು. ಒಂದು ಕಾಲಿಗೆ ಕಪ್ಪು, ಇನ್ನೊಂದು ಕಾಲಿಗೆ ಕಂದು ಚಪ್ಪಲಿ ಹಾಕಿಕೊಂಡು ಬರುವ ಫಿಸಿಕ್ಸ್ ಪ್ರೊಫೆಸರು. ಮೆಸ್ಸಿನ ಸಾರು ನೀರಾಯಿತೆಂದು ನಾವು ಮಾಡಿದ ಧರಣಿ. ಆ ಧರಣಿಯಲ್ಲಿ ಘೋಷಣೆ ಕೂಗಿದವಳು ನಾನೇ. ಹುಮನಾಬಾದಿನ ಕಾಲೇಜಿನಲ್ಲಿ ಹಾಜರಿ ಕೂಗಿದಾಗ ಕೂಡ ನನ್ನ ದನಿ ಮೂರನೇ ಬೆಂಚಿಗೆ ಮುಟ್ಟುವುದಿಲ್ಲ, ಆ ಮಾತು ಬೇರೆ.

ಸಂಜೆ ಸರ್ಕಲ್ಲಿನಲ್ಲಿ ಕೇಳಿದವರಿಗೆಲ್ಲ ಇದನ್ನೇ ಹೇಳತೊಡಗಿದೆ. ಎಲ್ಲದರಲ್ಲೂ ಪಾಸಾದರೆ ಜನ ನಂಬುವುದಿಲ್ಲ. ಅದಕ್ಕೆ ಎರಡನೇ ಸೆಮಿಸ್ಟರಿನಲ್ಲಿ ಒಂದು ಪೇಪರ್ ಫೇಲಾದೆ. ಸುದ್ದಿ ಬಳೆ ಇಡಿಸಿಕೊಳ್ಳಲು ಬಂದ ಹೆಂಗಸರ ಬಾಯಿಂದ ಅಬ್ಬಾನ ಕಿವಿಗೆ ಬಿತ್ತು. ಸಂಜೆ ಮನೆಗೆ ಬಂದು, ಊಟಕ್ಕೆ ಕೂತಾಗ ಬಹಳ ಸಂಕೋಚದಿಂದ ಕೇಳಿದರು, "ಬೇಟಾ, ಫೇಲಾದೆಯಂತೆ?"

"ಅಲ್ಲಿ, ಅಬ್ಬಾ. ಇಲ್ಲಿ ಫಸ್ಟ್ ಕ್ಲಾಸು."

ಅಬ್ಬಾ ರೊಟ್ಟಿ ಮುರಿದರು. "ಅಲ್ಲೂ ಸ್ವಲ್ಪ ಲಕ್ಷ್ಯ ಕೊಟ್ಟು ಓದು," ಅಂದರು. ಅಮ್ಮಿ ಇಬ್ಬರನ್ನೂ ನೋಡಿ ಹಣೆ ಚಚ್ಚಿಕೊಂಡಳು.

ಇಷ್ಟರಲ್ಲೇ ಮುಗಿದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ನಡುವೆ ಮೀನಾ ಬಂದಳು. ಕೋಟೆ ಹಿಂದಿನ ಗಲ್ಲಿಯ ಹುಡುಗಿ. ಚಿಕ್ಕವಳಿದ್ದಾಗಲೇ ತಾಯಿ ತೀರಿಕೊಂಡಿದ್ದರಿಂದ ಅಜ್ಜಿ ಜಿಜಾಬಾಯಿಯ ಕೈಯಲ್ಲಿ ಬೆಳೆದವಳು. ಜಿಜಾಬಾಯಿ ಅಬ್ಬಾನ ಅಂಗಡಿಯ ಹಳೆಯ ಗಿರಾಕಿ. ಅಜ್ಜಿ ಬಳೆ ಆರಿಸುವಷ್ಟು ಹೊತ್ತು ಮೀನಾ, ನಾನು ರಜೆಗೆ ಬಂದಿದ್ದೇನೆಂದೇ ನಂಬಿ, ನನ್ನ ಪಕ್ಕ ಕೂತು ಯೂನಿವರ್ಸಿಟಿ ಹೇಗಿದೆ ಎಂದು ಕೇಳುತ್ತಿದ್ದಳು. ಅಜ್ಜಿಗೆ ಯಾವ ಬಳೆಯೂ ಬೇಗ ಒಪ್ಪಿಗೆಯಾಗುತ್ತಿರಲಿಲ್ಲವಾದ್ದರಿಂದ ನಾನು ಬಹಳ ಹೇಳಬೇಕಾಯಿತು. ಅವಳು ಕೇಳುವ ರೀತಿಯೇ ಹಾಗಿತ್ತು, ಕಣ್ಣು ಅಗಲ ಮಾಡಿಕೊಂಡು, ನಡುವೆ ಬಾಯಿ ಹಾಕದೆ. ಜೂರಿಗೆ ಜ್ವರ ಬಂದ ಕಥೆ ಹೇಳಿದ ಮೇಲೆ, ಮುಂದಿನ ಸಲ ಬಂದಾಗ "ಈಗ ಜೂರಿ ಅಕ್ಕಾ ಅರಾಮ ಇದ್ದಾರೇನ್ರಿ?" ಎಂದು ಕೇಳಿದಳು. ಅರಾಮಿದ್ದಾಳೆ ಅಂದೆ. ಇಲ್ಲದವಳ ಜ್ವರ ಇಳಿಸಿದ ಪುಣ್ಯ ನನಗೆ ಬಂತು.

ಈ ವರ್ಷ ಮೀನಾ ಪಿಯುಸಿ ಪಾಸಾದಳು. ಅದೇ ಎಂಟ್ರೆನ್ಸ್ ಬರೆದಳು. ಅದೇ ಯೂನಿವರ್ಸಿಟಿಯನ್ನು ಮೊದಲನೆಯದಾಗಿ ಹಾಕಿದಳು. ಸೀಟು ಸಿಕ್ಕಿತು. ಓಡುತ್ತಾ ಅಂಗಡಿಗೆ ಬಂದು "ಅಕ್ಕಾ, ನೀವ್ ಇದ್ದೀರಂತ ಹಾಕಿದ್ದೆ" ಅಂದಳು. ನಗುವ ಹಾಗೆ ಮುಖ ಮಾಡಿದೆ. ನಾನು ಬಸ್ಸಿನಲ್ಲಿ ಹೊತ್ತು ಕಳೆಯಲು ಕಟ್ಟಿದ ಊರಿಗೆ ಈ ಹುಡುಗಿ ನಿಜವಾಗಿಯೂ ಗಂಟುಮೂಟೆ ಕಟ್ಟುತ್ತಿದ್ದಳು.

ಒಂದೇ ಒಂದು ತೊಡಕು. ಜಿಜಾಬಾಯಿ ಬೇಡ ಅಂದಿದ್ದಳು. ಆ ಮನೆಯಲ್ಲಿ ಅವಳು ಹೂಂ ಅನ್ನದೆ ಹಾಲು ಕೂಡ ಉಕ್ಕುವುದಿಲ್ಲ. ಬರುವ ಗುರುವಾರದೊಳಗೆ ಹೋಗಿ ಸೇರದಿದ್ದರೆ ಸೀಟು ಇನ್ನೊಬ್ಬರ ಪಾಲು. ಇದನ್ನು ನನಗೆ ಹೇಳಿದವರು ಮೀನಾಳ ಅಪ್ಪ ಪಂಡರಿ ಕಾಕಾ, ಹೇಳಿದ್ದು ನಾನು ದಿನಾ ಹತ್ತುವ ಬಸ್ಸಿನಲ್ಲೇ. ಅವರು ಆ ಬಸ್ಸಿನ ಕಂಡಕ್ಟರು. ಎರಡು ವರ್ಷದಿಂದ ನನಗೆ ಹೆಂಗಸರ ಫ್ರೀ ಟಿಕೆಟ್ ಹರಿದು ಕೊಡುತ್ತಿರುವವರು. ನಾನು ಎಲ್ಲಿ ಓದುತ್ತೇನೆ ಎನ್ನುವುದು ಕಲ್ಯಾಣದಲ್ಲಿ ಒಬ್ಬರಿಗಾದರೂ ಸರಿಯಾಗಿ ಗೊತ್ತಿದ್ದರೆ ಅವರಿಗೆ.

ಅವತ್ತು ಟಿಕೆಟ್ ಕೊಟ್ಟು, ಮುಂದೆ ಹೋಗದೆ, ನನ್ನ ಪಕ್ಕದ ಸೀಟಿನಲ್ಲಿ ಕೂತರು.

"ಮಿಸ್ಬಾ, ಐತವಾರ ನಮ್ಮ ಮನೀಗಿ ಬಾ. ನಮ್ಮವ್ವಗ ಒಂದೀಟು ತಿಳಿಸಿ ಹೇಳು. ಹಾಸ್ಟೆಲ್ ಚಲೋ ಅದ, ಹೆಣ್ಣುಡುಗ್ಯಾರಿಗಿ ಏನೂ ತ್ರಾಸ ಇಲ್ಲಂತ. ನಿನ್ನ ಬಾಯಿಲೆ ಕೇಳಿದ್ರ ಹೂಂ ಅಂತೀನಂತ ಕುಂತಾಳ."

"ಕಾಕಾ, ನಾ ಅಲ್ಲಿ ಕಲಿಯಾಕತ್ತಿಲ್ಲಂತ ನಿಮಗ ಗೊತ್ತದಲ್ರಿ!"

"ನನಗ ಗೊತ್ತದ. ಅವ್ವಗ ಗೊತ್ತಿಲ್ಲ. ಮೀನಾಗೂ ಗೊತ್ತಿಲ್ಲ."

"ಅಂದ್ರ ಸುಳ್ಳ ಹೇಳ್ಬೇಕೇನ್ರಿ?"

"ಇದೇನ್ ಹೊಸಾದು ಮಾಡಾಕತ್ತಿ? ಊರೆಲ್ಲಾ ಹೇಳ್ತಿ. ಅದನ್ನೇ ಒಂದಿನ ನಮ್ಮ ಮನ್ಯಾಗ ಹೇಳಂದ್ರ ದೊಡ್ಡ ಹರಿಶ್ಚಂದ್ರನ ಮಗಳಾಗ್ತಿ," ಅಂದವರೇ ಎದ್ದು, "ಯಾರ್ರೀ ರಾಜೇಶ್ವರ ಸ್ಟಾಪ್, ಇಳೀರಿ" ಎಂದು ಸೀಟಿ ಊದಿದರು.

ಐತವಾರ ಹೋದೆ. ಜಿಜಾಬಾಯಿ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಬಾ ಯವ್ವಾ ಅಂದು ಪಕ್ಕದಲ್ಲೇ ಕೂರಿಸಿಕೊಂಡಳು. ಮೀನಾ ಮಂಡಕ್ಕಿ ಸುಸಲಾ, ಚಹಾ ತಂದಿಟ್ಟು ಗೋಡೆಗೆ ಆತು ಕೂತಳು. ಪಂಡರಿ ಕಾಕಾ ಬಾಗಿಲಲ್ಲಿ, ಬೇಕಾದರೆ ಓಡಿಹೋಗಲು ಅನುಕೂಲವಾಗುವ ಹಾಗೆ.

"ಅಲ್ಲಿ ಜ್ವಾಳದ ರೊಟ್ಟಿ ಸಿಗ್ತಾವೇನು?" ಇದು ಮೊದಲ ಪ್ರಶ್ನೆ.

"ಇಲ್ರಿ ಆಯಿ. ಚಪಾತಿ, ಅನ್ನ. ಅದೂ ಮೊದಲ ಮೊದಲ ಬಾಯಿಗಿ ಹತ್ತೂದಿಲ್ರಿ." ಎಲ್ಲಾ ಸಿಗುತ್ತದೆ ಅಂದರೆ ಸಂಶಯ ಬರುತ್ತದೆ. ಎರಡು ವರ್ಷದ ಅನುಭವ ಸುಮ್ಮನೆ ಬರುವುದಿಲ್ಲ.

"ಜಡ್ಡು ಬಂದ್ರ?"

"ಡಾಕ್ಟರ್ ಒಳಗೇ ಇರ್ತಾರ್ರಿ. ನಮ್ಮ ಜೂರಿಗಿ ಜ್ವರ ಬಂದಾಗ ಮೂರು ಸಲ ಬಂದು ನೋಡ್ಯಾರ." ಮೀನಾ ಹೌದು ಹೌದು ಎಂದು ತಲೆ ಆಡಿಸಿದಳು, ತಾನೇ ಜ್ವರ ನೋಡಿದವಳ ಹಾಗೆ.

"ಗ್ಯಾಟ್ ಯಾವಾಗ ಹಾಕ್ತಾರ?"

ಇಲ್ಲಿ ನಾನು ನನ್ನ ಕಲೆಯ ತುತ್ತತುದಿ ಮುಟ್ಟಿದೆ. ಅಲ್ಲಿಯತನಕ ನನ್ನ ಹಾಸ್ಟೆಲ್ಲಿಗೆ ವಾರ್ಡನ್ನೇ ಇರಲಿಲ್ಲ, ಬೇಕೆನಿಸಿರಲಿಲ್ಲ. ಅಲ್ಲೇ ಕೂತಲ್ಲೇ ಒಬ್ಬಳನ್ನು ನೇಮಕ ಮಾಡಿದೆ. ಲೀಲಾ ಮೇಡಂ. ಗಂಡ ಮಿಲಿಟರಿಯವನು. ಸೂರ್ಯ ಮುಳುಗುವ ಮೊದಲೇ ಗೇಟಿಗೆ ಬೀಗ. ಅಪ್ಪ ಬಂದರೂ ಗೇಟಿನಾಚೆ ನಿಂತೇ ಮಾತಾಡಬೇಕು. ಮೊಬೈಲಿನಲ್ಲಿ ಹೆಚ್ಚು ಹೊತ್ತು ನಕ್ಕರೆ ಯಾರ ಜೊತೆ ಎಂದು ಕೇಳುತ್ತಾಳೆ. ಹಾಗಂತ ಕೆಟ್ಟವಳಲ್ಲ, ಐತವಾರ ಹುಡುಗಿಯರ ತಲೆಗೆ ತಾನೇ ಎಣ್ಣೆ ಹಚ್ಚುತ್ತಾಳೆ. ಜಿಜಾಬಾಯಿಯ ಕೈ ಮೊರದ ಮೇಲೆ ನಿಂತಿತು. "ಭಾಳ ಚಲೋ ಹೆಣ್ಮಗಳು," ಅಂದಳು. ಪಂಡರಿ ಕಾಕಾ ಬಾಗಿಲಲ್ಲಿ ನಿಂತು, ಈ ಮಾಲು ಎಲ್ಲಿಂದ ತಂದೆ ಎನ್ನುವ ಹಾಗೆ ಕಣ್ಣು ಅರಳಿಸಿದರು. ನನಗೇ ಲೀಲಾ ಮೇಡಂ ಮೇಲೆ ಪ್ರೀತಿ ಹುಟ್ಟಿತು. ಅವಳು ನಿಜವಾಗಿ ಇದ್ದಿದ್ದರೆ ಚೆನ್ನಾಗಿತ್ತು ಅನಿಸಿತು.

ಜಿಜಾಬಾಯಿ ಮೊರ ಪಕ್ಕಕ್ಕೆ ಸರಿಸಿದಳು. ಸೆರಗಿಗೆ ಕೈ ಒರೆಸಿಕೊಂಡು, ಮೀನಾಳನ್ನು ಹತ್ತಿರ ಕರೆದು, ಅವಳ ಕೈ ಹಿಡಿದು ನನ್ನ ಕೈಯಲ್ಲಿ ಇಟ್ಟಳು.

"ಹಂಗಾದ್ರ ಆತು. ನನಗ ಯೂನಿವರ್ಸಿಟಿ ಗೀನಿವರ್ಸಿಟಿ ತಿಳಿಯೂದಿಲ್ಲ. ನಿನ್ನ ಕೈಯಾಗ ಕೊಡ್ತೀನಿ. ನಿನ್ನ ಖೋಲ್ಯಾಗ ಇಟ್ಕೋ. ನಿನ್ನ ಸಂಗಟ ಹೋಗ್ಲಿ, ನಿನ್ನ ಸಂಗಟ ಬರ್ಲಿ. ಇಕಿ ತಾಯಿ ಹೋದ ಮ್ಯಾಲ ಒಂದ್ ದಿನಾನೂ ನಾ ಇಕಿನ್ನ ಬಿಟ್ಟು ಮಲಗಿಲ್ಲ."

ಪಂಡರಿ ಕಾಕಾ ಕೆಮ್ಮಿದರು. ಹೂಂ ಅನ್ನು ಎಂದು ಕಣ್ಣಿನಲ್ಲೇ ಗೋಗರೆದರು. ಹೂಂ ಅನ್ನಬಹುದಿತ್ತು. ಅಲ್ಲಿ ಹೋದಮೇಲೆ ಖೋಲಿ ಬೇರೆ ಕೊಟ್ಟರು, ನನಗೆ ಜ್ವರ ಬಂತು, ನಾನು ಮುಂದಿನ ವಾರ ಬರುತ್ತೇನೆ, ನನ್ನ ಹತ್ತಿರ ಸುಳ್ಳಿಗೇನು ಬರ? ಆದರೆ ಮೀನಾಳ ಕೈ ನನ್ನ ಕೈಯೊಳಗೇ ಇತ್ತು. ಬೆವರಿತ್ತು, ಮತ್ತು ತಣ್ಣಗಿತ್ತು. ಅವಳು ನನ್ನನ್ನು ನಂಬಿ ಅಷ್ಟು ದೂರ ಹೋಗಿ, ಯಾವ ಖೋಲಿಯ ಬಾಗಿಲು ಬಡಿಯುತ್ತಾಳೆ? ಜೂರಿ ಎಲ್ಲಿ ಎಂದು ಯಾರನ್ನು ಕೇಳುತ್ತಾಳೆ? ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಆಯಿ, ನಾ ಅಲ್ಲಿ ಇಲ್ರಿ," ಅಂದೆ.

"ಈಗ ಇಲ್ಲ, ಖರೆ. ರಜಾ ಮುಗಿದ ಮ್ಯಾಲ..."

"ರಜಾ ಇಲ್ರಿ. ನಾ ಅಲ್ಲಿಗಿ ಸೇರಿಲ್ಲ. ಹುಮನಾಬಾದದಾಗ ಕಲಿಯಾಕತ್ತೇನಿ. ಆ ಮೇಡಂ ಇಲ್ಲ. ಜೂರಿನೂ ಇಲ್ಲ. ಎಲ್ಲಾ ನಾನೇ ಹುಟ್ಟಿಸಿ ಹೇಳಿದ್ದು."

ಮೀನಾ ಕೈ ಹಿಂದಕ್ಕೆ ಎಳೆದುಕೊಂಡಳು. "ಜೂರಿ ಅಕ್ಕಾ ಇಲ್ಲೇನ್ರಿ?" ಅಂದಳು. ನಾನು ಸುಳ್ಳು ಹೇಳಿದ್ದಕ್ಕಿಂತ ಜೂರಿ ಇಲ್ಲದಿರುವುದೇ ಅವಳಿಗೆ ಹೆಚ್ಚು ನೋವು ಮಾಡಿತ್ತು.

ಜಿಜಾಬಾಯಿ ನನ್ನನ್ನು ಬಿಟ್ಟು ಮಗನ ಕಡೆ ತಿರುಗಿದಳು. "ಪಂಡರಿ, ನಿನಗ ಗೊತ್ತಿತ್ತೇನು?" ಪಂಡರಿ ಕಾಕಾ ಫ್ಯಾನಿನ ಕಡೆ ನೋಡುತ್ತಾ, ಇದರ ಗಾಳಿ ಕಡಿಮೆಯಾಗಿದೆ ಅಂದರು. ನಲವತ್ತು ದಾಟಿದ ಮನುಷ್ಯ, ದಿನಾ ಬಸ್ಸಿನಲ್ಲಿ ಕುಡುಕರನ್ನು ಕತ್ತು ಹಿಡಿದು ಇಳಿಸುವವನು, ತಾಯಿಯ ಮುಂದೆ ಫ್ಯಾನ್ ರಿಪೇರಿಯವನಾದ. ಅವರಿಗೆ ಸಿಗಬೇಕಾದ ಬೈಗುಳವೆಲ್ಲ ಸಿಕ್ಕಿತು. ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಸರದಿ ಬಂತು ಎಂದು ಗಟ್ಟಿಯಾಗಿ ಕೂತೆ.

ಅವಳು ಬೈಯಲಿಲ್ಲ. ನನ್ನ ಮುಖ ನೋಡಿ, "ಯಾಕ ಬಿಟ್ಟಿ?" ಅಂದಳು.

ಅಷ್ಟೇ ಪ್ರಶ್ನೆ. ಎರಡು ವರ್ಷದಲ್ಲಿ ಎರಡು ಊರಿನವರಲ್ಲಿ ಇದನ್ನು ಕೇಳಿದವಳು ಅವಳೊಬ್ಬಳೇ. ಜಾಣತನದ ಉತ್ತರಗಳ ಮೂಟೆಯನ್ನು ಬದಿಗಿಟ್ಟೆ.

"ಅಂಜಿಕಿ ಆತ್ರಿ, ಆಯಿ," ಅಂದೆ. "ಹಾಸ್ಟೆಲ್‌ದಾಗ ಖೋಲಿ ಕೊಟ್ರು. ಬರೇ ಪಲಂಗ, ಗಾದಿನೂ ಇಲ್ಲ. ಅಬ್ಬಾ ಟ್ರಂಕಿಗಿ ಹಾಕಾಕ ಕೀಲಿ ತರ್ತೀನಂತ ಬಜಾರಕ್ಕ ಹೋದ್ರು. ನಾ ಒಬ್ಬಾಕಿನೇ ಕುಂತೆ. ಹೊರಗ ಹುಡುಗ್ಯಾರು ನಗಾಕತ್ತಿದ್ರು. ಏನಂತ ನಗಾಕತ್ತಾರ ತಿಳಿವಲ್ದು. ನನ್ನ ಹೆಸರು ಹಿಡಿದು ಕರಿಯಾವ್ರು ಇಲ್ಲಿ ಒಬ್ರೂ ಇಲ್ಲ ಅನಿಸ್ತು. ಎದಿ ಧಸಕ್ಕಂತು. ಅಬ್ಬಾ ಬಂದ ಕೂಡ್ಲೆ, ಮನೀಗಿ ಹೋಗೂಣ್ರಿ ಅಂದೆ."

"ನಿಮ್ಮಪ್ಪ ಏನಂದ?"

"ಏನೂ ಅನ್ಲಿಲ್ರಿ. ಟ್ರಂಕ್ ಹೊತ್ಕೊಂಡು ಹೊಂಟ್ರು."

ಹೇಳಿ ಮುಗಿಸಿದೆ. ಚಹಾ ಕುಡಿದೆ, ಆರಿ ಹೋಗಿತ್ತು. ಎಲ್ಲಾ ಮುಗಿಯಿತು ಅಂದುಕೊಂಡೆ. ಸೀಟು ಸಿಕ್ಕ ಜಾಣೆಯೇ ಅಂಜಿ ಓಡಿ ಬಂದ ಜಾಗಕ್ಕೆ ಈ ಮುದುಕಿ ತನ್ನ ಮೊಮ್ಮಗಳನ್ನು ಕಳಿಸುತ್ತಾಳೆಯೇ? ಸುಳ್ಳಿನಿಂದ ಗಾಡಿ ಹತ್ತಿಸಿದ ಹುಡುಗಿಯನ್ನು ನಿಜ ಹೇಳಿ ಇಳಿಸಿಬಿಟ್ಟೆ. ಪಂಡರಿ ಕಾಕಾ ನನ್ನನ್ನು ನೋಡಿದ ನೋಟದಲ್ಲಿ, ನಾಳೆಯಿಂದ ಟಿಕೆಟ್ ಫ್ರೀ ಇದ್ದರೂ ಸೀಟು ಸಿಗುವುದಿಲ್ಲ ಎಂದು ಸ್ಪಷ್ಟವಾಗಿ ಬರೆದಿತ್ತು.

ಜಿಜಾಬಾಯಿ ಮೊರ ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು. ಒಂದು ಹರಳು ಆರಿಸಿ ಎಸೆದಳು.

"ಕೇಳಿದೇನ್ ಮೀನಾ? ಇಕಿ ಅಲ್ಲಿ ಇಲ್ಲ. ಎಣ್ಣಿ ಹಚ್ಚಾಕಿನೂ ಇಲ್ಲ. ನಿನಗ ಅಂಜಿಕಿ ಆಗೂದಿಲ್ಲೇನು?"

"ಆಗ್ತದ, ಆಯಿ."

"ಮತ್ತ?"

"ಆಗ್ಲಿ. ಹೋಗ್ತೀನಿ."

ಒಂದು ಕ್ಷಣವೂ ಯೋಚಿಸಲಿಲ್ಲ ಹುಡುಗಿ. ಬಿಸಿಲಿದೆಯೇ ಎಂದು ಕೇಳಿದರೆ ಇದೆ ಅಂದು ಹೊರಟ ಹಾಗೆ. ಅಂಜಿಕೆಯಾದರೆ ವಾಪಸು ಬರಬೇಕು ಎನ್ನುವುದು ನನಗೆ ಯಾರೂ ಕಲಿಸಿದ ಪಾಠವಲ್ಲ, ಅಂಜಿಕೆ ಅಂದರೇನೇ ಹಾಗೆ ಎಂದು ತಿಳಿದಿದ್ದೆ. ಅಂಜಿಕೊಂಡೇ ಹೋಗಬಹುದು ಎನ್ನುವುದು ನನಗೆ ಹೊಸ ಸುದ್ದಿ.

ಜಿಜಾಬಾಯಿ ಇನ್ನೂ ನಾಲ್ಕು ಹರಳು ಎಸೆದಳು. ಅವಳ ಕಣ್ಣು ತುಂಬಿತ್ತು, ಆದರೆ ಮಾತು ಗಟ್ಟಿಯಾಗೇ ಬಂತು. "ಹೋಗು ಹಂಗಾದ್ರ. ಆಗ್ಲಿಲ್ಲಂದ್ರ ಬಂದುಬಿಡು. ಬಂದ್ರ ಏನಾಗ್ತದ? ಈ ಹುಡುಗಿ ಬಂದಾಳಲ್ಲ, ಏನಾಗ್ಯದ ಇಕಿಗಿ? ಉಂಡ್ಕೋತ ತಿಂದ್ಕೋತ ಬಸ್ಸಿನಾಗ ಅಡ್ಯಾಡ್ಕೋತ ಅರಾಮ ಇದ್ದಾಳ. ಮ್ಯಾಲ ಊರಾಗ ಮರ್ಯಾದಿ ಬ್ಯಾರೆ."

ಇಷ್ಟು ದಿನ ಅವಳನ್ನು ಕಾಡಿದ್ದು ಇದೇ ಇರಬೇಕು, ಕಳಿಸಿದರೆ ಮೊಮ್ಮಗಳು ಮರಳಿ ಬರಲಾರಳು ಅಂತ. ನನ್ನ ವಾರ್ಡನ್ನು, ನನ್ನ ಡಾಕ್ಟರು, ನನ್ನ ಬೇವಿನ ಮರ, ನನ್ನ ಎರಡು ವರ್ಷದ ಶ್ರಮ ಯಾವುದೂ ಕೆಲಸಕ್ಕೆ ಬರಲಿಲ್ಲ. ನಾನು ಹೆದರಿ ಓಡಿ ಬಂದೆ, ಬಂದರೂ ಸಾಯಲಿಲ್ಲ ಎನ್ನುವುದೊಂದೇ ಕೆಲಸಕ್ಕೆ ಬಂತು. ಗಡಿನಾಡಿನ ಹೆಮ್ಮೆ ಕಡೆಗೂ ಗಡಿನಾಡಿಗೆ ಒಂದು ಉಪಕಾರ ಮಾಡಿತ್ತು. ನಗಬೇಕೋ ಅಳಬೇಕೋ ತಿಳಿಯದೆ ಎದ್ದು ನಿಂತೆ. ಪಂಡರಿ ಕಾಕಾ ಬಾಗಿಲು ಬಿಟ್ಟು ಒಳಗೆ ಬಂದು, ತಾಯಿಯ ಎದುರು ಕೂತು, ತಾವೂ ಬೇಳೆ ಹಸನು ಮಾಡತೊಡಗಿದರು.

ಮೀನಾ ನನ್ನನ್ನು ಕಳಿಸಲು ಅಂಗಳದ ತನಕ ಬಂದಳು. ಸಿಟ್ಟು ಮಾಡಿಕೊಂಡಿದ್ದಾಳೆ, ಎರಡು ಮಾತು ಅಂದುಬಿಡಲಿ, ಅನ್ನಿಸಿಕೊಂಡರೆ ಹಗುರಾಗುತ್ತದೆ ಅಂದುಕೊಂಡೆ. ಅವಳು ಚಪ್ಪಲಿ ಹಾಕಿಕೊಳ್ಳುತ್ತಿದ್ದ ನನ್ನ ಪಕ್ಕದಲ್ಲಿ ನಿಂತು, ಪರೀಕ್ಷೆಗೆ ಮೊದಲು ಅನುಮಾನ ಕೇಳುವ ಹುಡುಗಿಯ ಹಾಗೆ, ತಗ್ಗಿದ ದನಿಯಲ್ಲಿ ಕೇಳಿದಳು.

"ಅಕ್ಕಾ, ಆ ಖೋಲ್ಯಾಗ ಎಷ್ಟ ಹೊತ್ತು ಕುಂತಿದ್ರಿ?"

"ಅಬ್ಬಾ ಕೀಲಿ ತಗೊಂಡು ಬರೂತನಕ."

"ಅಷ್ಟೇನಾ?"

ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ತಾನು ಎಷ್ಟು ಹೊತ್ತು ತಡೆದುಕೊಂಡು ಕೂರಬೇಕಾದೀತು ಎಂದು ತಿಳಿದುಕೊಳ್ಳುತ್ತಿದ್ದಳು. ಎಂಥವರ ಬಾಯಿಗೂ ತಿರುಗಿ ಉತ್ತರ ಕೊಡುವವಳು ನಾನು. ಕಣ್ಣಿಗೆ ನೀರು ಬಂತು, ಒರೆಸಿಕೊಳ್ಳಲಿಲ್ಲ.

"ಹೂಂ," ಅಂದೆ. "ಅಷ್ಟೇ."